ಬೇಲಿಯಲ್ಲಿ ಗಂಧ ಬಿತ್ತಿದವರು ಯಾರು?

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕು ಬೆಸಗರಹಳ್ಳಿ. ಹೊಲದ ಬೇಲಿಯಲ್ಲಿ ಕಳ್ಳಿ, ಲಂಟಾನ, ಹೊಂಗೆಗಳ ನಡುವೆ ಯಾರೂ ನೆಡದ ಶ್ರೀಗಂಧದ ಗಿಡಗಳು ಬಂದು ಆಳೆತ್ತರ ಬೆಳೆದಿವೆ. ಅವಕ್ಕೆ ನೀರು ಹಾಕಿದವರಿಲ್ಲ, ಗೊಬ್ಬರ ಹಾಕಿದವರಿಲ್ಲ. ಆದರೆ ದುಡ್ಡು ಕೊಟ್ಟು ನರ್ಸರಿಯಿಂದ ತಂದು, ತೋಟದ ನಡುವೆ ನೆಟ್ಟು, ಡ್ರಿಪ್ ಹಾಕಿ ಸಾಕಿದ ಗಂಧದ ಸಸಿಗಳು ಹಳದಿ ತಿರುಗಿ ಒಣಗಿಹೋದವು. ನಮ್ಮಜ್ಜಿ, “ಗಂಧದ್ ಗಿಡ ನೆಟ್ರೆ ಬರಾಕಿಲ್ಲ ಕಣ್ಲಾ, ಅದಾಗದೇ ಬರ್ಬೇಕು” ಅನ್ನೋರು. ಇದರಲ್ಲಿ ನಿಜ ಎಷ್ಟು? ಬೇಲಿಗೆ ಬೀಜ ತಂದವರು ಯಾರು? ಈಗ ಬೇಲಿ ಕೀಳಿಸಿ ಕಲ್ಲುಕಂಬ ನೆಟ್ಟು ತಂತಿ ಎಳೆಸಬೇಕು ಅಂತಿದ್ದೇವೆ. ಗಂಧದ ಗಿಡಗಳನ್ನು ಮಾತ್ರ ಉಳಿಸಿಕೊಂಡರೆ ಸಾಲದೆ?
— ರೈತ ಓದುಗರು, ಬೆಸಗರಹಳ್ಳಿ

ಉತ್ತರ: ಕತೆಗಾರ ಬೆಸಗರಹಳ್ಳಿ ರಾಮಣ್ಣನವರ ಊರಿನಿಂದ ಬಂದಿರುವ ಪತ್ರ ಇದು. ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ, ಅದು ಅವಸರದ್ದು. ಬೇಲಿ ಕೀಳಿಸಬೇಡಿ. ಗಂಧವನ್ನಷ್ಟೇ ಬಿಟ್ಟು ಸುತ್ತಲಿನದನ್ನೆಲ್ಲ ಸವರಿದರೆ ಗಂಧವೂ ಉಳಿಯುವುದು ಕಷ್ಟ. ಅದು ಅಲ್ಲಿ ಒಂಟಿಯಾಗಿ ನಿಂತಿಲ್ಲ. ಹಕ್ಕಿಗಳ ದಯದಿಂದ ಬಂದು, ಅಕ್ಕಪಕ್ಕದ ಗಿಡಗಳ ಬೇರು ಹಿಡಿದು ಬದುಕಿದೆ.

ಮೊದಲು ಬೀಜ ತಂದವರ ವಿಚಾರ. ಗಂಧದ ಮರ ವರ್ಷಕ್ಕೆ ಎರಡು ಸಲ ಹೂ ಕಾಯಿ ಬಿಡುತ್ತದೆ. ಹೂ ಚಿಕ್ಕದು. ಅರಳಿದಾಗ ಮಾಸಲು ಬಿಳಿ, ಆಮೇಲೆ ಕಂದುಗೆಂಪು. ಮರದ ಚೇಗಿಗೆ ಅಷ್ಟು ಪರಿಮಳವಿದ್ದರೂ ಹೂವಿಗೆ ವಾಸನೆಯಿಲ್ಲ. ಹಣ್ಣು ಸುಮಾರು ಒಂದು ಸೆಂಟಿಮೀಟರ್ ಅಗಲದ ಗುಂಡು, ಮಾಗಿದಾಗ ಕಪ್ಪಿಗೆ ತಿರುಗಿದ ನೇರಳೆ ಬಣ್ಣ. ಮೇಲೆ ತೆಳ್ಳನೆಯ ತಿರುಳು, ಒಳಗೆ ಗಟ್ಟಿ ಓಟೆಯ ಒಂದೇ ಬೀಜ. ಈ ಹಣ್ಣಿಗೆ ಕೋಗಿಲೆ, ಪಿಕಳಾರ, ಗೊರವಂಕ, ಕುಟ್ರುಹಕ್ಕಿಗಳು ಮುತ್ತುತ್ತವೆ. ಎಲ್ಲೆಡೆ ಹೇಳುವುದು ಕೋಗಿಲೆಯ ಹೆಸರನ್ನೇ. ನಾವು ಕೋಗಿಲೆಯನ್ನು ವಸಂತದ ಹಾಡಿಗಾಗಿ ನೆನೆಯುತ್ತೇವೆ. ಅದು ಹೊಟ್ಟೆ ಹೊರೆಯುವುದು ಹಣ್ಣುಗಳಿಂದ, ಹಾಗಾಗಿ ನಮ್ಮ ಸೀಮೆಯ ಮರಗಳ ದೊಡ್ಡ ಬಿತ್ತನೆಗಾರ ಹಕ್ಕಿಗಳಲ್ಲಿ ಅದೂ ಒಂದು. ಹಣ್ಣನ್ನು ಇಡಿಯಾಗಿ ನುಂಗುತ್ತದೆ. ತಿರುಳು ಕರಗಿದ ಮೇಲೆ ಬೀಜ ಹಿಕ್ಕೆಯಲ್ಲಿ ಬರಬಹುದು, ಇಲ್ಲವೇ ಬಾಯಿಂದಲೇ ಹೊರಬರಬಹುದು. ತಿರುಳು ಅಂಟಿಕೊಂಡೇ ಬಿದ್ದ ಬೀಜಕ್ಕೆ ಬೂಸ್ಟು ಹಿಡಿಯುವುದು ಸುಲಭ, ತೊಳೆದಂತಾದ ಬೀಜಕ್ಕೆ ಬದುಕುವ ದಾರಿ ಹೆಚ್ಚು.

ಹಣ್ಣು ತಿನ್ನುವುದೆಲ್ಲ ಬಿತ್ತುವುದಿಲ್ಲ ಅನ್ನುವುದನ್ನೂ ಇಲ್ಲೇ ಹೇಳಬೇಕು. ಗಿಣಿ ಕಾಯಿ ಹಣ್ಣುಗಳ ಬಳಿ ಬಂದರೆ ಬೀಜವನ್ನೇ ಒಡೆದು ತಿನ್ನುತ್ತದೆ, ಅದರ ಕೊಕ್ಕಿನಿಂದ ಮೊಳೆಯುವಂಥ ಬೀಜ ಪಾರಾಗುವುದು ಅಪರೂಪ. ಇಲಿಗಳು ಬಿದ್ದ ಗಂಧದ ಬೀಜದ ಓಟೆ ಕಡಿದು ಒಳಗಿನದನ್ನು ತಿಂದುಬಿಡುತ್ತವೆ. ತಾಯಿಮರದ ಬುಡದಲ್ಲಿ ಬಿದ್ದ ಬೀಜಗಳು ಒಂದೇ ಕಡೆ ರಾಶಿಯಾಗಿರುವುದರಿಂದ ಇಲಿಗೆ ಸಿಗುವುದೂ ಅಲ್ಲೇ ಹೆಚ್ಚು. ಮರದಿಂದ ನೂರು ಮಾರು ದೂರ, ಮುಳ್ಳಿನ ಸಂದಿಯಲ್ಲಿ ಒಂಟಿಯಾಗಿ ಬಿದ್ದ ಬೀಜವನ್ನು ಹುಡುಕುವುದು ಇಲಿಗೂ ಕಷ್ಟ. ಹಕ್ಕಿ ಮಾಡುವ ಉಪಕಾರದಲ್ಲಿ ದೊಡ್ಡದು ಇದೇ: ಬೀಜವನ್ನು ತಾಯಿಯಿಂದ, ಒಡಹುಟ್ಟುಗಳಿಂದ, ಶತ್ರುಗಳಿಂದ ಬೇರೆ ಮಾಡಿ ಒಯ್ಯುವುದು.

ಹಕ್ಕಿಗೂ ಗಂಧಕ್ಕೂ ನಡುವೆ ಒಂದು ಎಳೆದಾಟವೂ ಇದೆ. ಅದನ್ನು ಲೆಕ್ಕಹಾಕಿ ತೋರಿಸಿದವರು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು: ಹೆಗ್ಡೆ, ಆರ್. ಉಮಾಶಂಕರ್ ಮತ್ತು ಕೆ.ಎನ್. ಗಣೇಶಯ್ಯ. ಗಣೇಶಯ್ಯನವರನ್ನು ನೀವು ಕಾದಂಬರಿಕಾರರಾಗಿ ಓದಿರಬಹುದು, ಅವರ ಮೂಲ ಕಸುಬು ಗಿಡಗಳ ವಿಜ್ಞಾನ. ಗಂಧದ ಬೀಜದ ಗಾತ್ರದ ಬಗ್ಗೆ ಈ ಮೂವರು 1991ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಬೀಜ ದಪ್ಪಗಿದ್ದರೆ ಸಸಿಗೆ ಬುತ್ತಿ ಹೆಚ್ಚು, ಊರಿಕೊಳ್ಳುವುದು ಸುಲಭ. ಆದರೆ ದಪ್ಪ ಹಣ್ಣು ಚಿಕ್ಕ ಹಕ್ಕಿಯ ಬಾಯಿಗೆ ಹಿಡಿಯುವುದಿಲ್ಲ. ಬೀಜ ಸಣ್ಣದಾದರೆ ಒಯ್ಯುವವರು ಬೇಕಾದಷ್ಟು, ಆದರೆ ಸಸಿ ಬಡಕಲು. ತಾಯಿಮರ ಎರಡನ್ನೂ ತೂಗಿ ನಡುವಿನ ಗಾತ್ರಕ್ಕೆ ಬಂದು ನಿಂತಿದೆ. ನಿಮ್ಮ ಬೇಲಿಯ ಗಂಧದ ಹಣ್ಣು ಇಷ್ಟೇ ಗಾತ್ರವಿರುವುದಕ್ಕೆ ಪಿಕಳಾರದ ಬಾಯಿಯ ಅಗಲವೂ ಒಂದು ಕಾರಣ ಅನ್ನುವುದು ನನಗೆ ಇವತ್ತಿಗೂ ಬೆರಗಿನ ವಿಷಯ.

ಇನ್ನು ಬೇಲಿಯಲ್ಲೇ ಏಕೆ? ಹಣ್ಣು ತಿಂದ ಹಕ್ಕಿ ಬಯಲಲ್ಲಿ ಕೂರುವುದಿಲ್ಲ. ಹೊಲದ ನಡುವೆ ಅದಕ್ಕೆ ಕೂರಲು ಕೊಂಬೆಯಿಲ್ಲ, ಗಿಡುಗ ಬಂದರೆ ಅಡಗಲು ಮರೆಯಿಲ್ಲ. ಬೇಲಿಗೆ ಬಂದು ಕೂರುತ್ತದೆ, ಕೂತಲ್ಲೇ ಹಿಕ್ಕೆ ಹಾಕುತ್ತದೆ. ಸಣ್ಣ ಹಕ್ಕಿಯ ಹೊಟ್ಟೆಯಲ್ಲಿ ಬೀಜ ಬಹಳ ಹೊತ್ತು ಉಳಿಯುವುದೂ ಇಲ್ಲ. ಹಾಗಾಗಿ ಈ ಬೇಲಿಯಿಂದ ಆ ಬೇಲಿಗೆ, ಮರದಿಂದ ಪೊದೆಗೆ ಬಿತ್ತನೆ ನಡೆಯುತ್ತದೆ. ರಸ್ತೆ ಬದಿಯ ಕರೆಂಟು ತಂತಿಯ ಕೆಳಗೆ ಗೆರೆ ಎಳೆದಂತೆ ಬೇವಿನ ಸಸಿಗಳು ಹುಟ್ಟಿರುವುದನ್ನು ನೀವು ನೋಡಿರುತ್ತೀರಿ. ಅಲ್ಲಿಯೂ ಇದೇ ಕೆಲಸ.

ಹೊಲದಲ್ಲೂ ಒಂದಷ್ಟು ಬೀಜ ಬಿದ್ದೇ ಇರುತ್ತದೆ. ಅದು ಉಳುಮೆಯಲ್ಲಿ ಹೋಗುತ್ತದೆ, ಕಳೆ ಕೀಳುವಾಗ ಹೋಗುತ್ತದೆ, ಉಳಿದದ್ದು ಮೇಕೆಯ ಬಾಯಿಗೆ. ಗಂಧದ ಎಳೆ ಚಿಗುರು ಮೇಕೆಗೆ ಬಲು ಇಷ್ಟ. ಬೇಲಿಯೊಳಗೆ ನೇಗಿಲು ಬರುವುದಿಲ್ಲ, ಕಳ್ಳಿ ಮತ್ತು ಕಾರೆಮುಳ್ಳು ಮೇಕೆಯನ್ನು ತಡೆಯುತ್ತವೆ. ಎಳೆಯ ಗಂಧಕ್ಕೆ ಸುಡುಬಿಸಿಲು ಆಗದು, ಒಂದಿಷ್ಟು ಮಬ್ಬು ನೆರಳು ಬೇಕು. ಲಂಟಾನ ಆ ನೆರಳು ಕೊಡುತ್ತದೆ. ಈ ಲಂಟಾನ ನಮ್ಮ ನಾಡಿನದಲ್ಲ. ಅಮೆರಿಕ ಖಂಡದ ಗಿಡ, ಚೆಂದಕ್ಕೆಂದು 19ನೇ ಶತಮಾನದ ಆರಂಭದಲ್ಲಿ ತಂದದ್ದು ಹಕ್ಕಿಗಳ ಹೊಟ್ಟೆ ಹತ್ತಿ ಕಾಡು ಮೇಡು ತುಂಬಿತು. ಕಾಡಿನಲ್ಲಿ ಅದು ಮಾಡಿರುವ ಹಾನಿ ದೊಡ್ಡದು. ಹಾಗಿದ್ದರೂ ಲಂಟಾನದ ಪೊದೆಯೊಳಗೆ ಗಂಧದ ಸಸಿ ಚೆನ್ನಾಗಿ ಏಳುವುದನ್ನು ಹಿಂದಿನ ಅರಣ್ಯಾಧಿಕಾರಿಗಳು ಗಮನಿಸಿದ್ದರು. ಕಾಡಿಗೆ ಕೇಡಾದದ್ದು ಬೇಲಿಯಲ್ಲಿ ಒಂದು ಸಸಿಗೆ ತೊಟ್ಟಿಲಾಗಬಹುದು. ಗಿಡಗಳ ನಡುವಿನ ನಂಟನ್ನು ಒಳ್ಳೆಯದು ಕೆಟ್ಟದ್ದು ಎಂದು ಒಂದೇ ಏಟಿಗೆ ಹೇಳಲು ಬಾರದು.

ಈಗ ನೆಲದ ಕೆಳಗೆ ಬರೋಣ. ನಿಮ್ಮ ತೋಟದ ಸಸಿ ಸತ್ತದ್ದಕ್ಕೆ ಉತ್ತರ ಇರುವುದು ಅಲ್ಲಿ.

ಗಂಧದ ಮರ ಅರೆ ಪರಾವಲಂಬಿ. ಎಲೆ ಹಸಿರಾಗಿದೆ, ಬಿಸಿಲು ಹೀರಿ ತನ್ನ ಸಕ್ಕರೆಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆದರೆ ನೆಲದಿಂದ ಬೇಕಾದದ್ದನ್ನೆಲ್ಲ ಸ್ವಂತ ಬೇರಿನಿಂದ ಎತ್ತಿಕೊಳ್ಳಲಾರದು. ಅಕ್ಕಪಕ್ಕದ ಗಿಡದ ಬೇರು ಹುಡುಕಿ, ಅದಕ್ಕೆ ಅಂಟಿ, ನೀರನ್ನೂ ಸಾರಜನಕ ರಂಜಕಗಳನ್ನೂ ಹೀರಿಕೊಳ್ಳುತ್ತದೆ. ಗಂಧದ ಈ ಗುಟ್ಟನ್ನು ಮೊದಲು ಬರೆದಿಟ್ಟವರು ಜಾನ್ ಸ್ಕಾಟ್, 1871ರಲ್ಲಿ. ಅಲ್ಲಿಂದೀಚೆಗೆ ಗಂಧ ಬೇರು ಹಾಕುವ ಆಸರೆ ಗಿಡಗಳ ಪಟ್ಟಿ ಮುನ್ನೂರು ದಾಟಿದೆ. ಹುಲ್ಲಿನಿಂದ ಹಿಡಿದು ಹೆಮ್ಮರದವರೆಗೆ ಅದರಲ್ಲಿವೆ. ಇನ್ನೊಂದು ಗಂಧದ ಬೇರಿಗೂ ಅದು ಕೈ ಹಾಕುತ್ತದೆ.

ಇದನ್ನು ನೀವೇ ನೋಡಬಹುದು. ಮಳೆ ಬಂದು ನೆಲ ಮೆತ್ತಗಿರುವಾಗ, ಬೇಲಿಯ ಗಂಧಕ್ಕೂ ಪಕ್ಕದ ಹೊಂಗೆಗೂ ನಡುವೆ ಒಂದು ಗೇಣು ಆಳ ಮಣ್ಣನ್ನು ಕೈಯಿಂದ ಬಿಡಿಸಿ. ಗುದ್ದಲಿ ಬೇಡ, ಎಳೆ ಬೇರು ತುಂಡಾಗುತ್ತದೆ. ಗಂಧದ ಸಣ್ಣ ಬೇರಿನ ಮೇಲೆ ಅಲ್ಲಲ್ಲಿ ಬೆಳ್ಳಗಿನ ಗಂಟುಗಳು ಕಾಣುತ್ತವೆ, ಗಂಟೆಯ ಆಕಾರ, ಕೆಲವೇ ಮಿಲಿಮೀಟರ್ ಅಗಲ. ಒಂದೊಂದು ಗಂಟೂ ಹೊಂಗೆಯ ಬೇರನ್ನು ಕವುಚಿ ಹಿಡಿದಿರುತ್ತದೆ. ಇವೇ ಹೀರುಬೇರುಗಳು. ಚೂಪಾದ ಬ್ಲೇಡಿನಿಂದ ಒಂದನ್ನು ಅಡ್ಡ ಸೀಳಿ ನೋಡಿದರೆ, ಗಂಟಿನ ನಡುವಿನಿಂದ ಮೊಳೆಯಂಥ ಒಂದು ಭಾಗ ಹೊಂಗೆಯ ಬೇರಿನ ಸಿಪ್ಪೆ ಸೀಳಿ ಒಳಗಿನ ನೀರುನಾಳದವರೆಗೆ ಹೊಕ್ಕಿರುತ್ತದೆ. ನೋಡಿ ಮುಗಿದ ಮೇಲೆ ಮಣ್ಣು ಮುಚ್ಚಿಬಿಡಿ. ಒಂದೆರಡು ಗಂಟು ಹೋದರೆ ಮರಕ್ಕೆ ತೊಂದರೆಯಿಲ್ಲ, ಅಂಥವು ಅದಕ್ಕೆ ಬೇಕಾದಷ್ಟಿರುತ್ತವೆ.

ಹೊಂಗೆಯಂಥ ಆಸರೆ ಗಂಧಕ್ಕೆ ಬಲು ಒಳ್ಳೆಯದು. ಹೊಂಗೆ ದ್ವಿದಳ ಧಾನ್ಯಗಳ ಕುಟುಂಬಕ್ಕೆ ಸೇರಿದ ಮರ, ಅದರ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಡುವ ಬ್ಯಾಕ್ಟೀರಿಯಾಗಳು ಮನೆ ಮಾಡಿರುತ್ತವೆ. ನಿಮ್ಮ ಕಡೆ ಗದ್ದೆಗೆ ಹೊಂಗೆ ಸೊಪ್ಪು ಹಾಕಿ ತುಳಿಸುತ್ತಿದ್ದದ್ದು ಆ ಸತ್ವಕ್ಕಾಗಿ. ಬದುವಿನ ಹೊಂಗೆ ಗದ್ದೆಗೆ ಸೊಪ್ಪು ಕೊಟ್ಟಿತು, ಕೆಳಗಿನಿಂದ ಗಂಧಕ್ಕೂ ಅದೇ ಸತ್ವ ಹೋಯಿತು. ತೊಗರಿ, ಜಾಲಿ, ಗ್ಲಿರಿಸಿಡಿಯಾ ಕೂಡ ಇದೇ ಸಾಲಿಗೆ ಸೇರುತ್ತವೆ. ಸರ್ವೆ ಆ ಕುಟುಂಬದ್ದಲ್ಲದಿದ್ದರೂ ಸಾರಜನಕ ಹಿಡಿಯುತ್ತದೆ, ಗಂಧದ ತೋಟ ಮಾಡುವವರು ಅದನ್ನೂ ಜೊತೆಗೆ ನೆಡುತ್ತಾರೆ. ಆಸರೆ ಮರ ಇದರಿಂದ ಸಾಯುತ್ತದೆಯೇ ಎಂಬ ಭಯ ಬೇಡ. ಬೆಳವಣಿಗೆ ಒಂದಿಷ್ಟು ಕುಗ್ಗಬಹುದು, ಆದರೆ ಸಾಮಾನ್ಯವಾಗಿ ಸಾಯುವುದಿಲ್ಲ. ಗಂಧದ ಬೇರು ಒಂದೇ ಗಿಡಕ್ಕೆ ಜೋತುಬೀಳದೆ ಹತ್ತಾರು ಗಿಡಗಳಿಗೆ ಹರಡಿಕೊಂಡಿರುವುದರಿಂದ ಹೊರೆ ಹಂಚಿಹೋಗುತ್ತದೆ. ಬೇಲಿಯಲ್ಲಿ ಎಷ್ಟು ಜಾತಿಯ ಗಿಡಗಳಿದ್ದರೆ ಗಂಧಕ್ಕೆ ಅಷ್ಟು ನಿಶ್ಚಿಂತೆ. ಬೇಸಿಗೆಯಲ್ಲಿ ಒಂದರ ಬೇರು ಒಣಗಿದರೆ ಇನ್ನೊಂದು ಆಳದಿಂದ ನೀರು ತರುತ್ತದೆ.

ಗಂಧದ ನೆಂಟನೊಬ್ಬ ನಿಮ್ಮ ಮಾವಿನ ಮರದ ಮೇಲೂ ಇರಬಹುದು. ಕೊಂಬೆಯ ಮೇಲೆ ಬೇರೆಯದೇ ಎಲೆಯ ಪೊದೆ ಹುಟ್ಟಿ ನೇತಾಡುತ್ತದಲ್ಲ, ಬದನಿಕೆ, ಕೆಲವರು ಬಂದಳಿಕೆ ಅನ್ನುತ್ತಾರೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಗಂಧ, ಬದನಿಕೆ ಎರಡೂ ಒಂದೇ ಗಣಕ್ಕೆ ಸೇರಿದವು. ಗಂಧ ನೆಲದೊಳಗೆ ಬೇರಿನಿಂದ ಮಾಡುವುದನ್ನು ಬದನಿಕೆ ಎಲ್ಲರ ಕಣ್ಣೆದುರು ಕೊಂಬೆಯ ಮೇಲೆ ಮಾಡುತ್ತದೆ. ಅದರ ಬೀಜ ನೆಲಕ್ಕೆ ಬಿದ್ದರೆ ಪ್ರಯೋಜನವಿಲ್ಲ, ಕೊಂಬೆಯ ಮೇಲೇ ಬೀಳಬೇಕು. ಅದಕ್ಕಾಗಿ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಬದನಿಕೆ ಹಕ್ಕಿ ಇದೆ, ನಮ್ಮ ದೇಶದ ಅತಿ ಚಿಕ್ಕ ಹಕ್ಕಿಗಳಲ್ಲೊಂದು. ಅದು ಬದನಿಕೆಯ ಹಣ್ಣು ನುಂಗಿದಾಗ ಬೀಜದ ಸುತ್ತಲಿನ ಅಂಟು ಕರಗುವುದಿಲ್ಲ. ಹಿಕ್ಕೆ ಹಾಕುವಾಗ ಬೀಜ ಬಾಲದ ಬುಡಕ್ಕೆ ಅಂಟಿಕೊಳ್ಳುತ್ತದೆ, ಹಕ್ಕಿ ಅದನ್ನು ಕೊಂಬೆಗೆ ಒರೆಸುತ್ತದೆ, ಬೀಜ ಅಲ್ಲೇ ಕಚ್ಚಿಕೊಂಡು ಮೊಳೆಯುತ್ತದೆ. ಬಿತ್ತುವವರಿಗೂ ಬೀಜಕ್ಕೂ ಇಷ್ಟು ನಿಖರವಾದ ಹೊಂದಾಣಿಕೆ ನಿಮ್ಮ ಹಿತ್ತಲಲ್ಲೇ ನಡೆಯುತ್ತಿದೆ. ಮಾವಿನ ಫಸಲಿಗೆ ಬದನಿಕೆ ತೊಡಕೇ ನಿಜ, ಹೆಚ್ಚಾದರೆ ಕೊಂಬೆ ಸಮೇತ ತೆಗೆಸಬೇಕಾಗುತ್ತದೆ.

ತೋಟದ ನಡುವೆ ಸಸಿ ಒಣಗಿದ್ದು ಏಕೆಂದು ಈಗ ನಿಮಗೇ ಹೊಳೆದಿರಬಹುದು. ಗಂಧದ ಎಳೆ ಸಸಿ ಕೆಲವು ತಿಂಗಳು ಬೀಜದ ಬುತ್ತಿಯ ಮೇಲೆ ನಡೆಯುತ್ತದೆ. ನರ್ಸರಿಯವರು ಚೀಲದಲ್ಲೇ ಪಕ್ಕದಲ್ಲಿ ತೊಗರಿಯನ್ನೋ ಹೊನಗೊನ್ನೆ ಜಾತಿಯ ಸೊಪ್ಪಿನ ಗಿಡವನ್ನೋ ಬೆಳೆಸಿರುತ್ತಾರೆ. ನೋಡಿದವರಿಗೆ ಅದು ಕಳೆಯಂತೆ ಕಾಣುತ್ತದೆ. ನೆಡುವಾಗ ಅದನ್ನು ಕಿತ್ತು, ಗುಂಡಿಯ ಸುತ್ತ ಒಂದು ಹುಲ್ಲುಕಡ್ಡಿಯೂ ಇಲ್ಲದಂತೆ ಶುಚಿ ಮಾಡಿ ನೆಟ್ಟರೆ ಗಂಧಕ್ಕೆ ಹಿಡಿಯಲು ಬೇರೇ ಇಲ್ಲ. ಎಲೆ ಹಳದಿಯಾಗುವುದು ಆ ಹಸಿವಿನ ಗುರುತು. ಹಸಿದ ಗಿಡಕ್ಕೆ ನಾವು ನೀರು ಹೆಚ್ಚಿಸುತ್ತೇವೆ, ಅದು ಇನ್ನೊಂದು ಪೆಟ್ಟು. ನಾಲೆ ನೀರು ಬಂದ ಮೇಲೆ ಮಂಡ್ಯ ಸೀಮೆಯ ಕಬ್ಬು ಗದ್ದೆಯ ಪಕ್ಕದ ತೋಟಗಳಲ್ಲಿ ನೆಲ ಸದಾ ತೇವ. ಗಂಧ ಮೂಲತಃ ಒಣ ಸೀಮೆಯ ಮರ. ನೀರು ಬಸಿದುಹೋಗುವ ಕೆಂಪು ಮಣ್ಣು, ಕಲ್ಲುಮಿಶ್ರಿತ ಮಣ್ಣು ಅದಕ್ಕೆ ಒಗ್ಗುತ್ತದೆ, ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಎತ್ತರದ ಬದುವಿನ ಮೇಲಿರುವ ಬೇಲಿಯಲ್ಲಿ ನೀರು ನಿಲ್ಲುವ ಮಾತೇ ಇಲ್ಲ. ನಿಮ್ಮ ಪತ್ರದ ಎರಡು ಗಿಡಗಳ ಕತೆಯಲ್ಲಿ ಆರೈಕೆ ಇಲ್ಲದ್ದು ಬದುಕಿತು, ಆರೈಕೆ ಇದ್ದದ್ದು ಸತ್ತಿತು ಅನಿಸುವುದು ಸಹಜ. ನಿಜವಾಗಿ ಬೇಲಿಯ ಗಿಡಕ್ಕೇ ಬೇಕಾದ ಆರೈಕೆ ಸಿಕ್ಕಿತ್ತು.

ನಿಮ್ಮಜ್ಜಿಯ ಮಾತಿಗೆ ಬರುತ್ತೇನೆ. ಅದು ಕಣ್ಣಾರೆ ಕಂಡು ಆಡಿದ ಮಾತು, ಅದಕ್ಕೆ ಇನ್ನೊಂದು ಹಿನ್ನೆಲೆಯೂ ಇದೆ. 1792ರಲ್ಲಿ ಟಿಪ್ಪು ಸುಲ್ತಾನ ಗಂಧವನ್ನು ರಾಜಮರವೆಂದು ಸಾರಿದ ಎಂದು ಇತಿಹಾಸದಲ್ಲಿ ಓದುತ್ತೇವೆ. ಆಮೇಲೆ ಬಂದ ಮೈಸೂರು ಸರ್ಕಾರವೂ ಅದೇ ಕ್ರಮ ಮುಂದುವರಿಸಿತು. ಮೈಸೂರಿನಲ್ಲಿ 1916ರ ಸುಮಾರಿಗೆ ಗಂಧದೆಣ್ಣೆ ಕಾರ್ಖಾನೆ ಶುರುವಾದಾಗಲೂ ಮರ ಸರ್ಕಾರದ್ದೇ. ರೈತನ ಜಮೀನಿನಲ್ಲಿ ಬೆಳೆದರೂ ಅದು ರೈತನದಲ್ಲ. ತನ್ನದಲ್ಲದ ಮರವನ್ನು ಕಾಯುವ ಹೊಣೆ, ಕಳುವಾದರೆ ಪೊಲೀಸು ವಿಚಾರಣೆಯ ಭಯ. ಹೀಗಿರುವಾಗ ಯಾರು ನೆಡುತ್ತಾರೆ? ಸಸಿ ಕಂಡರೆ ಸದ್ದಿಲ್ಲದೆ ಕಿತ್ತು ಹಾಕಿದವರೂ ಇದ್ದರು. ಹಾಗಾಗಿ ಅಜ್ಜಿಯ ಕಾಲದಲ್ಲಿ ನೆಟ್ಟು ಬೆಳೆಸಿದ ಗಂಧ ಕಾಣುವುದೇ ಅಪರೂಪವಾಗಿತ್ತು, ಕಂಡದ್ದೆಲ್ಲ ಹಕ್ಕಿ ಬಿತ್ತಿದ್ದು. 2001ರಲ್ಲಿ ರಾಜ್ಯದ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಜಮೀನಿನ ಒಡೆಯನೇ ಗಂಧಕ್ಕೂ ಒಡೆಯ. ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಈಗಲೂ ಬೇಕು. ನಿಮ್ಮ ಗಿಡಗಳನ್ನು ಪಹಣಿಯಲ್ಲಿ ನಮೂದಿಸಿಕೊಂಡರೆ ಮುಂದೆ ಅನುಕೂಲ. ಅಜ್ಜಿಯ ಮಾತನ್ನು ಈಗ ಸ್ವಲ್ಪ ತಿದ್ದಬಹುದು: ಗಂಧವನ್ನು ಒಂಟಿಯಾಗಿ ನೆಟ್ಟರೆ ಬರುವುದಿಲ್ಲ, ಜೊತೆ ಕೊಟ್ಟು ನೆಟ್ಟರೆ ಬರುತ್ತದೆ.

ಬೇಲಿಯ ಬಿತ್ತನೆಗಾರರು ಹಕ್ಕಿಗಳಷ್ಟೇ ಅಲ್ಲ. ಗಂಧಕ್ಕೆ ಆಸರೆ ಕೊಡುವ ಗಿಡಗಳು ತಾವು ಅಲ್ಲಿಗೆ ಬಂದದ್ದು ಹೇಗೆಂದು ನೋಡಿದರೆ ಒಂದೊಂದರದು ಒಂದೊಂದು ದಾರಿ. ಒಣಗಿದ ಹೊಂಗೆಯ ಕಾಯಿಯೊಂದನ್ನು ಆರಿಸಿ ಉದ್ದಕ್ಕೆ ಸೀಳಿ. ಒಳಗೆ ಸಾಮಾನ್ಯವಾಗಿ ಒಂದೇ ಬೀಜ. ತೊಟ್ಟಿನ ಕಡೆ ಕಣ್ಣಿಟ್ಟು ಹುಡುಕಿದರೆ ಮುರುಟಿಹೋದ ಚುಕ್ಕೆಯೊಂದು ಸಿಗಬಹುದು, ಅದು ಬೆಳೆಯಲಾಗದ ಎರಡನೆಯ ಬೀಜ. ಹೂವಿನಲ್ಲಿ ಇಬ್ಬರಿಗೂ ಜಾಗವಿತ್ತು. ತುದಿಯ ಕಡೆಯ ಬೀಜ ತಾಯಿಯಿಂದ ಬರುವ ಆಹಾರವನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡಿತು, ತೊಟ್ಟಿನ ಕಡೆಯದು ಉಪವಾಸ ಬಿದ್ದಿತು. ಇದನ್ನು ತೋರಿಸಿದವರಲ್ಲೂ ಗಣೇಶಯ್ಯ, ಉಮಾಶಂಕರ್ ಇದ್ದಾರೆ. 1999ರಲ್ಲಿ ಪ್ರಕಟವಾದ ಆ ಅಧ್ಯಯನ, ಒಂದೇ ಬೀಜದ ಕಾಯಿಗೆ ದೂರ ಪಯಣಿಸುವ ಅನುಕೂಲ ಇರಬಹುದೆಂಬುದನ್ನೂ ಚರ್ಚಿಸಿತು. ಹೊಂಗೆಯ ಕಾಯಿ ನೀರಿನ ಮೇಲೆ ತೇಲುತ್ತದೆ. ಹಳ್ಳದ ದಡ, ಕೆರೆ ಕೋಡಿ, ನಾಲೆಯ ಏರಿಗಳಲ್ಲಿ ಹೊಂಗೆ ಹೆಚ್ಚಾಗಿ ಕಾಣುವುದಕ್ಕೆ ನೀರು ಕೊಂಡೊಯ್ದ ಕಾಯಿಗಳ ಪಾಲು ದೊಡ್ಡದು.

ಕರಿಜಾಲಿ ಬರುವುದು ಕುರಿ ಮೇಕೆಗಳ ಜೊತೆ. ಪಕ್ಕದ ಮಳವಳ್ಳಿ ತಾಲ್ಲೂಕು ಬಂಡೂರು ಕುರಿಗೆ ಹೆಸರಾದ ಸೀಮೆ. ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ಕುರಿಗೂ ಮೇಕೆಗೂ ಜಾಲಿಯ ಕಾಯಿ ಒಳ್ಳೆಯ ಮೇವು. ಗಟ್ಟಿ ಸಿಪ್ಪೆಯ ಬೀಜ ಹೊಟ್ಟೆಯಲ್ಲಿ ಕರಗುವುದಿಲ್ಲ. ರಾತ್ರಿ ಮೆಲುಕು ಹಾಕುವಾಗ ಉಗುಳಿಬಿಡುತ್ತವೆ, ಕೆಲವು ಹಿಕ್ಕೆಯಲ್ಲಿ ಬೀಳುತ್ತವೆ. ಅಂಥ ಬೀಜ ಬೇಗ ಮೊಳೆಯುತ್ತದೆಂದು ಅರಣ್ಯದವರು ಮೇಕೆ ದೊಡ್ಡಿಯಿಂದಲೇ ಜಾಲಿ ಬೀಜ ಸಂಗ್ರಹಿಸುತ್ತಿದ್ದ ಕಾಲವಿತ್ತು. ಗೊಬ್ಬರಕ್ಕೆಂದು ಹೊಲದಲ್ಲಿ ಕುರಿಮಂದೆ ನಿಲ್ಲಿಸಿದರೆ ಜೊತೆಗೆ ಜಾಲಿಯೂ ಬರುತ್ತದೆ. ಇನ್ನೂ ಮುಂದೆ ಮುತ್ತತ್ತಿಯ ಕಾವೇರಿ ಕಾಡಿಗೆ ಹೋದರೆ ಬಿತ್ತನೆಗಾರ ಆನೆ. ಬೇಲದ ಹಣ್ಣನ್ನು ಚಿಪ್ಪು ಸಮೇತ ನುಂಗಿ ಮೈಲಿಗಟ್ಟಲೆ ದೂರ ಲದ್ದಿಯಲ್ಲಿ ಬೀಜ ಇಳಿಸುವ ಕೆಲಸ ಅದನ್ನು ಬಿಟ್ಟು ಇನ್ನಾರಿಂದ ಆದೀತು? ನಾವು ಮನುಷ್ಯರೂ ಬಿತ್ತುತ್ತೇವೆ. ಪಂಚೆಗೆ ಕಚ್ಚಿಕೊಂಡ ಉತ್ತರಾಣಿ, ಟ್ರ್ಯಾಕ್ಟರ್ ಚಕ್ರದ ಕೆಸರಿನಲ್ಲಿ ಬಂದ ಕಾಂಗ್ರೆಸ್ ಗಿಡ, ಎಲ್ಲ ನಮ್ಮದೇ ಸೇವೆ.

ಇಷ್ಟೆಲ್ಲ ಬಿತ್ತನೆಗಾರ ಹಕ್ಕಿಗಳು ವರ್ಷವಿಡೀ ನಿಮ್ಮೂರಲ್ಲಿ ಉಳಿಯುವುದಕ್ಕೆ ಗಂಧದ ಎರಡು ಕಾರಿನ ಹಣ್ಣು ಸಾಲದು. ಉಳಿದ ತಿಂಗಳು ಅವನ್ನು ಸಾಕುವುದು ಅರಳಿ, ಆಲ, ಅತ್ತಿ, ಗೋಣಿ ಮರಗಳು. ಈ ಜಾತಿಯ ಒಂದೊಂದು ಮರಕ್ಕೂ ಅದರದೇ ಪುಟ್ಟ ಕಣಜವುಂಟು. ಅತ್ತಿಹಣ್ಣು ಬಿಚ್ಚಿದಾಗ ಕಾಣುವ ಹುಳು ಅದೇ, ಅದಿಲ್ಲದೆ ಬೀಜವೇ ಕಟ್ಟುವುದಿಲ್ಲ. ಆ ಕಣಜದ ಸಂತತಿ ಕಡಿಯದಿರಬೇಕಾದರೆ ಊರಿನ ಒಂದಲ್ಲ ಒಂದು ಮರದಲ್ಲಿ ಸದಾ ಕಾಯಿ ಇರಬೇಕು. ಹೀಗಾಗಿ ಬೇರೆ ಹಣ್ಣಿಲ್ಲದ ಕಾಲದಲ್ಲೂ ಹಕ್ಕಿಗೆ ಅರಳಿಕಟ್ಟೆಯಲ್ಲಿ ಊಟ ಸಿಗುತ್ತದೆ. ಊರ ಮುಂದಿನ ಅರಳಿಮರ ಕಡಿದರೆ ಹೊಲದ ಬೇಲಿಗೆ ಗಂಧ ಬರುವುದು ಕಡಿಮೆಯಾಗುತ್ತದೆ ಎಂದರೆ ದೂರದ ಮಾತೆನಿಸಬಹುದು. ನನಗೆ ಅದು ತೀರಾ ಹತ್ತಿರದ ಲೆಕ್ಕ.

ನಿಮ್ಮದೇ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಜನ ಹುಣಸೆ ಮರಗಳನ್ನು ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳಿಗೆ ಬಿಟ್ಟುಕೊಟ್ಟು, ಹುಣಸೆ ಫಸಲಿನ ನಷ್ಟ ಸಹಿಸಿ ತಲೆತಲಾಂತರದಿಂದ ಕಾಪಾಡಿದ್ದಾರೆ. 2007ರಲ್ಲಿ ಆ ಊರು ಸಮುದಾಯ ಮೀಸಲು ಎಂದು ಘೋಷಣೆಯಾಯಿತು. ನೋಡಲು ಹೊರಗಿನಿಂದ ಜನ ಬರುತ್ತಾರೆ, ಬರಲೇಬೇಕು. ಹೆಜ್ಜಾರ್ಲೆ ತಿನ್ನುವುದು ಮೀನು, ಅದು ಗಿಡ ಬಿತ್ತುವುದಿಲ್ಲ. ಬೇಲಿಯಲ್ಲಿ ಕೂತು ಗಂಧ, ಬೇವು ಬಿತ್ತುವ ಪಿಕಳಾರಕ್ಕೆ ಇಷ್ಟು ಮನ್ನಣೆ ಯಾರೂ ಕೊಟ್ಟಿಲ್ಲ. ಮಂಡ್ಯದ ರೈತರು ಆ ಚಿಕ್ಕ ಹಕ್ಕಿಯನ್ನೂ ಅದೇ ಅಕ್ಕರೆಯಿಂದ ನೋಡಬೇಕೆಂಬುದು ನನ್ನ ಆಸೆ.

ಇನ್ನು ತಂತಿಯ ವಿಚಾರ. ಹಂದಿ, ದನಗಳ ಕಾಟ ಇದ್ದರೆ ತಂತಿ ಬೇಕೇ ಬೇಕು, ಬೇಡವೆನ್ನಲಾರೆ. ಕಲ್ಲುಕಂಬದ ಸಾಲನ್ನು ಹಳೆಯ ಬೇಲಿಯ ಹೊರಗಡೆ, ನಿಮ್ಮ ಹದ್ದಿನೊಳಗೇ ಒಂದು ಮೊಳ ಬಿಟ್ಟು ನಿಲ್ಲಿಸಿ, ಗಿಡದ ಬೇಲಿ ಒಳಗಡೆ ಹಾಗೇ ಇರಲಿ. ಕಂಬದ ಗುಂಡಿ ತೋಡುವಾಗ ಗಂಧದ ಬೇರು ಕಡಿದರೆ ಗಾಬರಿ ಬೇಡ, ಗಾಯವಾದ ಬೇರಿನಿಂದ ಹೊಸ ಚಿಗುರು ಏಳುವುದು ಗಂಧದ ಗುಣ. ಲಂಟಾನ ಹೊಲಕ್ಕೆ ನುಗ್ಗುತ್ತಿದ್ದರೆ ಹೊಲದ ಕಡೆಯಷ್ಟೇ ಸವರಿ. ಗಂಧ ಆಳೆತ್ತರ ಬೆಳೆದಿದೆ ಎನ್ನುತ್ತೀರಿ, ಅದಕ್ಕೆ ಇನ್ನು ನೆರಳಿಗಿಂತ ಬಿಸಿಲು ಹೆಚ್ಚು ಬೇಕು. ಆದ್ದರಿಂದ ಮೇಲೆ ಕವಿದ ಹೊಂಗೆಯ ಕೊಂಬೆಯನ್ನು ಮಳೆಗಾಲಕ್ಕೆ ಮುಂಚೆ ಸವರಿ ಸೊಪ್ಪನ್ನು ಗದ್ದೆಗೆ ಹಾಕಿ, ಬುಡ ಮಾತ್ರ ಮುಟ್ಟಬೇಡಿ. ತೋಟದಲ್ಲಿ ಮತ್ತೆ ನೆಡುವ ಮನಸ್ಸಿದ್ದರೆ ನೀರು ನಿಲ್ಲದ ಎತ್ತರದ ಜಾಗ ಆರಿಸಿ. ಚೀಲದಲ್ಲಿ ಬಂದ ಜೊತೆಗಿಡವನ್ನು ಕೀಳದೆ ಹಾಗೇ ಇಳಿಸಿ, ಒಂದು ಗೇಣು ದೂರದಲ್ಲಿ ತೊಗರಿ ಊರಿ. ತೊಗರಿ ಒಂದೆರಡು ವರ್ಷ ಕಾಯುತ್ತದೆ. ಅಷ್ಟರೊಳಗೆ ನಾಲ್ಕಾರು ಅಡಿ ದೂರದಲ್ಲಿ ನೆಟ್ಟ ಹೊಂಗೆಯೋ ಸರ್ವೆಯೋ ಬೇರು ಬಿಟ್ಟಿರಬೇಕು. ಚೇಗು ಕಟ್ಟಲು ಶುರುವಾಗುವುದಕ್ಕೇ ಹತ್ತು ವರ್ಷದ ಮೇಲಾಗುತ್ತದೆ. ಆಮೇಲೂ ಆ ಹೊಂಗೆ ಅಲ್ಲೇ ಇರಬೇಕು, ಹಾಗಾಗಿ ಗಂಧಕ್ಕೆ ಎಷ್ಟು ಗುಂಡಿ ತೋಡುತ್ತೀರೋ ಜೊತೆಮರಕ್ಕೂ ಅಷ್ಟೇ ಗುಂಡಿ ಈ ಮುಂಗಾರಿನಲ್ಲೇ ತೋಡಿಸಿ.